ನಾನು ಎತ್ತಿದ ಹಲಗೆ

ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ನನಗೆ ಒಂಬತ್ತು ವರ್ಷ. ಅಪ್ಪನ ಕೆಲಸ ಭಟ್ಕಳ ಪೇಟೆಯಲ್ಲಿ. ಆದರೆ ಮನೆ ಎಂದರೆ ನನಗೆ ಕುಮಟೆಯ ಕಡೆ, ಹೊಳೆಯಂಚಿನ ಅಜ್ಜಿಮನೆಯೇ. ಶಾಲೆಗೆ ಸೇರುವವರೆಗೆ ಬೆಳೆದದ್ದು ಅಲ್ಲಿ. ರಜೆ ಬಂತೆಂದರೆ ಕಾಸರಕೋಡದಲ್ಲಿ ಬಸ್ಸಿಳಿದು, ದೋಣಿಯಲ್ಲಿ ಶರಾವತಿ ದಾಟಿ, ಹೊನ್ನಾವರದಲ್ಲಿ ಇನ್ನೊಂದು ಬಸ್ಸು ಹತ್ತಿ ಓಡುತ್ತಿದ್ದೆ.

ಅಜ್ಜಿಯದು ಗಜನಿ ಗದ್ದೆ. ಸಮುದ್ರದ ಭರತ ಏರಿದಾಗ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಅದು. ತಡೆಯಲು ಮಣ್ಣಿನ ಕಟ್ಟೆ, ಕಟ್ಟೆಯ ನಡುವೆ ಮರದ ಹಲಗೆಗಳ ಬಾಗಿಲು. ಕೊಯ್ಲು ಮುಗಿದ ಮೇಲೆ ಹಲಗೆ ಎತ್ತಿ ಬಲೆ ಕಟ್ಟಿದರೆ ಸಿಗಡಿ, ಏಡಿ, ಮೀನು ಬುಟ್ಟಿಗಟ್ಟಲೆ! ಆಗ ನನ್ನ ತಲೆಯಲ್ಲಿ ಉಳಿದದ್ದು ಹಲಗೆ ಎತ್ತಿದರೆ ಮೀನು, ಅದೊಂದೇ.

ಆ ವರ್ಷ ಚೌತಿಗೆ ಹೋಗಿದ್ದೆ. ಹಬ್ಬ ಕಳೆದ ಮರುದಿನ ಊಟಕ್ಕೆ ಕೂತ ಅಜ್ಜಿ, "ಮೀನಿಲ್ದೆ ಅನ್ನ ಗಂಟಲಲ್ಲಿ ಇಳಿಯೂದೇ ಇಲ್ಲ" ಎಂದು ಗೊಣಗಿದಳು. ಅಷ್ಟೇ ಸಾಕಾಯಿತು ಈ ಅಧಿಕಪ್ರಸಂಗಿಗೆ. ಬುಟ್ಟಿ ಹಿಡಿದು ಒಬ್ಬಳೇ ಕಟ್ಟೆಗೆ ಹೋದೆ. ಒದ್ದಾಡಿ ಮೇಲಿನ ಎರಡು ಹಲಗೆ ಕಿತ್ತೆ. ಮೂರನೆಯದನ್ನು ನೀರೇ ಕಿತ್ತುಕೊಂಡು ಹೋಯಿತು.

ದೇವರೇ, ಆ ಸದ್ದು! ಹೊಳೆಗೆ ಹೊಳೆಯೇ ಗದ್ದೆಯೊಳಕ್ಕೆ ನುಗ್ಗಿತು. ಆಗಷ್ಟೇ ಹಾಲು ತುಂಬುತ್ತಿದ್ದ ತೆನೆಗಳು ಒಂದೊಂದಾಗಿ ಮುಳುಗುತ್ತಿದ್ದವು. ನಾನು ಬುಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಮನೆಮಂದಿ ವರ್ಷವಿಡೀ ಉಣ್ಣುವುದು ಆ ಒಂದೇ ಗದ್ದೆಯ ಅಕ್ಕಿ. ಎಲ್ಲರ ಬಾಯಿಗೆ ಮಣ್ಣು ಹಾಕಿದ್ದೆ.

"ಯಾರೇ ಹಲಗೆ ಎತ್ತಿದ್ದು?" ಎನ್ನುತ್ತ ಅಜ್ಜಿಯ ಮಗ, ನನ್ನ ಮಾವ, ಓಡಿ ಬಂದ. ನನ್ನ ಕೈಯ ಬುಟ್ಟಿ ನೋಡಿ ಹಣೆ ಚಚ್ಚಿಕೊಂಡ. "ನಿಂಗೆ ಎಂತ ಭೂತ ಹೊಕ್ಕಿತ್ತೇ!"

ಅಷ್ಟರಲ್ಲಿ ಅಜ್ಜಿಯೂ ಬಂದಳು. ಸೀರೆ ಎತ್ತಿ ಕಟ್ಟಿ ಸೊಂಟದುದ್ದ ನೀರಿಗಿಳಿದಳು, ಬೆರಳದ್ದಿ ನಾಲಗೆಗೆ ಹಚ್ಚಿ ನೋಡಿದಳು, ಥೂ ಎಂದು ಉಗಿದಳು. ಇಳಿತ ಶುರುವಾಗುವವರೆಗೆ ಅವಳೂ ಮಾವನೂ ಹಾಗೇ ನಿಂತಿದ್ದರು. ನೀರು ಇಳಿದ ಮೇಲೆ ಬೇರೆ ಹಲಗೆ ತಂದು ಕೂರಿಸಿ, ಕೊಚ್ಚಿಹೋದ ಕಟ್ಟೆಗೆ ಮಣ್ಣು ಮೆತ್ತಿದರು.

"ಅಜ್ಜೀ, ಭತ್ತ ಸತ್ತೋಯ್ತಾ?" ಎಂದು ಕೇಳಿದೆ.

"ಕಗ್ಗ ಭತ್ತ ಅದು, ಉಪ್ಪು ಕಂಡದ್ದೇ. ಆದ್ರೂ ಇಷ್ಟೊಂದು ಕಂಡದ್ದಲ್ಲ" ಎಂದಳು.

ಒಂದು ಪೆಟ್ಟನ್ನೂ ಕೊಡಲಿಲ್ಲ! ಅದೇ ನನ್ನನ್ನು ಕೊಂದುಹಾಕಿತು. ಮರುದಿನ ಭಟ್ಕಳದ ದಾರಿ. ಇನ್ನು ಆ ಮನೆಯ ಮೆಟ್ಟಿಲು ನನಗಿಲ್ಲ ಎಂದೇ ತಿಳಿದೆ. ಎರಡು ತಿಂಗಳು ಅನ್ನದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ದೀಪಾವಳಿ ಕಳೆದು ಮಾವ ಬಂದ, ಹೆಗಲ ಮೇಲೊಂದು ಅಕ್ಕಿಯ ಗಂಟು. ನಾನು ಬಾಗಿಲ ಹಿಂದೆ ಅಡಗಿದೆ.

"ಕಟ್ಟೆ ಬುಡದ್ದೆಲ್ಲ ಜೊಳ್ಳಾತು. ಉಳದದ್ದು ನಿಂತ್ಕಂತು, ಕೊಯ್ಲೂ ಮುಗೀತು" ಎಂದು ಅಮ್ಮನಿಗೆ ಹೇಳಿದ. ಆಮೇಲೆ ಬಾಗಿಲ ಕಡೆ ತಿರುಗಿ, "ಹೊರಡೇ. ಆಚೆ ಗಜನಿಯೋರು ಹಲಗೆ ಎತ್ತಿ ಎಂಟು ದಿನ ಆತು. ನಿನ್ನ ಅಜ್ಜಿ ನಮ್ಮದನ್ನ ಯಾರಿಗೂ ಮುಟ್ಟೂಕೆ ಬಿಡೂದಿಲ್ಲ. ನೀನೇ ಬಂದು ಎತ್ತಬೇಕಂತೆ" ಎಂದ.

ತಮಾಷೆಯೋ, ಶಿಕ್ಷೆಯೋ? ದಾರಿಯುದ್ದಕ್ಕೂ ನನಗೆ ತಿಳಿಯಲಿಲ್ಲ.

ಅಜ್ಜಿ ಬಲೆ ಕಟ್ಟಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಎರಡೂ ಕೈಗಳನ್ನು ಹಲಗೆಯ ಮೇಲಿಟ್ಟು, "ಮೊದಲು ನೀರು ಯಾವ ಬದಿಗೆ ಹೋಗ್ತದೆ ನೋಡು. ಆಮೇಲೆ ಎತ್ತು" ಎಂದಳು.

ನಾನು ಬಗ್ಗಿ ನೀರು ಹೋಗುವ ಬದಿ ನೋಡಿದೆ. ಅಜ್ಜಿ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.