ಪಕ್ಕದ ಮನೆಯ ಓವನಿನಲ್ಲಿ ಬೆಂದ ತೋಫು

ಆಪರೇಷನ್ ಆಗಿ ಎರಡು ತಿಂಗಳು ಕಳೆದರೂ ನನ್ನ ತೂಕ ಇಳಿಯುತ್ತಲೇ ಇತ್ತು. ಕರುಳಿನ ಒಂದು ತುಂಡನ್ನು ಕತ್ತರಿಸಿ ತೆಗೆದಿದ್ದರು. ಗಾಯ ಮಾಗಿತ್ತು, ನೋವೂ ಇರಲಿಲ್ಲ. ಆದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ರವಿಕೆಗಳನ್ನು ಎರಡು ಸಲ ಒಳಗೆ ಹಿಡಿಸಿ ಹೊಲಿಸಿಯಾಗಿತ್ತು. ಪುತ್ತೂರು ಬದಿಯ ಸವಣೂರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರು. ರಜೆ ಮುಗಿಸಿ ಹೋದ ಮೊದಲ ದಿನ ಒಂದನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ದಿಟ್ಟಿಸಿ ನೋಡಿ, "ನಮ್ಮ ಟೀಚರ್ ಯಾವಾಗ ಬರುದು?" ಎಂದು ನನ್ನನ್ನೇ ಕೇಳಿದಳು.

ಮರುವಾರ ಪುತ್ತೂರಿಗೆ ತೋರಿಸಲು ಹೋದಾಗ ಡಾಕ್ಟರು ತೂಕದ ಚೀಟಿ ನೋಡಿ ಕನ್ನಡಕ ತೆಗೆದರು.

"ನಿಮಗೆ ಪ್ರೋಟೀನ್ ಸಾಕಾಗುದಿಲ್ಲ. ಮೊಟ್ಟೆ ತಿನ್ನುದಿಲ್ಲ ಅಂತೀರಿ. ಹಾಲು, ಪನೀರ್ ಹೊಟ್ಟೆಗೆ ಆಗುದಿಲ್ಲ ಅಂತೀರಿ. ಬೇಳೆ ತಿಂದ್ರೆ ಉಬ್ಬರ. ತೋಫು ಆದ್ರೂ ತಿಂದು ನೋಡಿ."

ನನ್ನ ಜೊತೆಗಿದ್ದ ಯಜಮಾನರು, "ಅದೆಂತ ಡಾಕ್ಟ್ರೇ?" ಎಂದು ಕೇಳಿದರು.

"ಸೋಯಾ ಹಾಲನ್ನು ಒಡೆಸಿ ಮಾಡಿದ ಪನೀರ್ ಅಂತ ತಿಳ್ಕೊಳ್ಳಿ."

ಬಸ್ ಹತ್ತುವ ಮೊದಲು ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ನಾಲ್ಕು ಪೊಟ್ಟಣ ಹುಡುಕಿ ತಂದೆವು. ನಾನು ಅದನ್ನು ಹುಳಿಗೆ ಹಾಕಿದೆ, ಪಲ್ಯಕ್ಕೆ ಹಾಕಿದೆ, ಮರುದಿನ ತೆಂಗಿನಕಾಯಿ ಮಸಾಲೆ ಅರೆದು ಗಸಿಯನ್ನೂ ಮಾಡಿದೆ. ಏನು ಮಾಡಿದರೂ ಮಸಾಲೆ ಮಸಾಲೆಯ ಪಾಡಿಗೆ, ತೋಫು ತೋಫುವಿನ ಪಾಡಿಗೆ. ಕಚ್ಚಿದರೆ ಒದ್ದೆ ಸೀಮೆಸುಣ್ಣ. ಯಜಮಾನರು ಪಾಪ, ನನ್ನ ಧೈರ್ಯಕ್ಕೆಂದು ಮೂರು ದಿನ ಜೊತೆಗೆ ಕೂತು ತಿಂದರು. ನಾಲ್ಕನೆಯ ದಿನ ತಟ್ಟೆಯಲ್ಲಿ ಒಂದು ತುಂಡನ್ನು ಅತ್ತಿತ್ತ ಸರಿಸುತ್ತ, "ಮಾರಾಯ್ತಿ, ನನ್ನ ತೂಕ ಸರಿ ಉಂಟಲ್ಲ?" ಎಂದರು. ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

ಆ ಮಧ್ಯಾಹ್ನ ಉಳಿದದ್ದನ್ನೆಲ್ಲ ಬಾಳೆಬುಡಕ್ಕೆ ಹಾಕಲು ಹಿತ್ತಲಿಗೆ ಹೋದೆ. ಬೇಲಿಯ ಆಚೆ ಪಕ್ಕದ ಮನೆಯ ಚೇಚಿ ಬಟ್ಟೆ ಒಣಹಾಕುತ್ತಿದ್ದರು.

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಅವರ ಅಪ್ಪ ಅಮ್ಮ ಕೇರಳದಿಂದ ಬಂದು ನಮ್ಮೂರು ಕೋಡಿಂಬಾಳದಲ್ಲಿ ನೆಲೆ ನಿಂತವರು. ಅವರು ಹುಟ್ಟಿದ್ದು ಇಲ್ಲಿಯೇ. ಗಂಡ ರಬ್ಬರ್ ಟ್ಯಾಪಿಂಗ್ ನೋಡಿಕೊಂಡರೆ ಇವರು ಮನೆಯಲ್ಲಿ ಕೇಕ್ ಮಾಡಿ ಕೊಡುತ್ತಿದ್ದರು. ಹನ್ನೊಂದು ವರ್ಷಗಳಿಂದ ಅವರೂ ನಾವೂ ಅಕ್ಕಪಕ್ಕ. ಬೇಲಿಯ ಹತ್ತಿರ ಎಷ್ಟೋ ಮಾತಾಡಿದ್ದೇವೆ. ಆದರೆ ನಮ್ಮದು ಮೀನು ಮಾಂಸ ಮುಟ್ಟದ ಮನೆ ಎಂಬ ಕಾರಣಕ್ಕೆ ನಾನು ಒಂದು ದಿನವೂ ಅವರ ಮನೆಯಲ್ಲಿ ನೀರು ಸಹ ಕುಡಿದಿರಲಿಲ್ಲ. ಕರೆದಾಗಲೆಲ್ಲ "ಇನ್ನೊಂದು ದಿನ ಬರ್ತೇನೆ ಚೇಚಿ" ಎಂದು ಜಾರಿಕೊಂಡವಳು ನಾನು.

"ಎಂತ ಟೀಚರೇ, ಪನೀರ್ ಬಿಸಾಡುದು?" ಎಂದರು.

"ಪನೀರ್ ಅಲ್ಲ ಚೇಚಿ, ತೋಫು. ಡಾಕ್ಟ್ರು ತಿನ್ಲಿಕ್ಕೆ ಹೇಳಿದ್ದಾರೆ. ನನಗೆ ಇಳಿಯುದೇ ಇಲ್ಲ."

ಅವರು ಕೈಯಲ್ಲಿದ್ದ ಲುಂಗಿಯನ್ನು ಬಕೆಟ್ಟಿಗೆ ಹಾಕಿ ಬೇಲಿಯ ಹತ್ತಿರ ಬಂದರು. ಪಾತ್ರೆಯೊಳಗೆ ಇಣುಕಿದರು. ಆಮೇಲೆ ನನ್ನ ಮುಖ ನೋಡಿದರು, ಕೈ ನೋಡಿದರು.

"ಇದನ್ನು ಹೀಗೆ ಸಾರಿಗೆ ಹಾಕಿದ್ರೆ ಯಾರಿಗೂ ಇಳಿಯುದಿಲ್ಲ. ನೀರು ಹಿಂಡಿ, ಮಸಾಲೆಯಲ್ಲಿ ನೆನೆಸಿ, ಓವನಿನಲ್ಲಿ ಬೇಯಿಸ್ಬೇಕು. ನಮ್ಮ ನೋಂಬಿಗೆ ನಾನು ಮಾಡುದುಂಟು."

ಈಸ್ಟರಿಗೆ ಮೊದಲಿನ ಐವತ್ತು ದಿನ ಅವರ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಬಿಡುವ ವ್ರತ. ಅದನ್ನೇ ನೋಂಬು ಎನ್ನುವುದು. ಆಗ ಅದೇ ನಡೆಯುತ್ತಿತ್ತು. ನಾನು ಪಾತ್ರೆಯಲ್ಲಿದ್ದುದನ್ನು ಬಾಳೆಬುಡಕ್ಕೆ ಸುರಿದೆ. ಅವರೇ ಮುಂದುವರಿಸಿದರು:

"ಟೀಚರೇ, ಈಗ ನಮ್ಮಲ್ಲಿ ಮೀನಿಲ್ಲ, ಇರಚಿ ಇಲ್ಲ, ಮೊಟ್ಟೆಯೂ ಇಲ್ಲ. ಕೇಕ್ ಆರ್ಡರ್ ಹಿಡಿಯುದಿಲ್ಲ. ಓವನ್ ತೊಳೆದು ಇಟ್ಟದ್ದು. ಟ್ರೇ ಹೊಸತು ತರ್ತೇನೆ, ಕಡಬ ಪೇಟೆಯಲ್ಲಿ ಸಿಗ್ತದೆ. ನೀವು ಬಂದು ಎದುರೇ ನಿಂತು ನೋಡಿ. ಮನಸ್ಸಿಗೆ ಸರಿ ಬರದಿದ್ರೆ ತಿನ್ನುದು ಬೇಡ."

ನಾನು ಏನೂ ಕೇಳಿರಲಿಲ್ಲ. ನನ್ನೊಳಗಿದ್ದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟು, ಏನೂ ಹೇಳದವರಂತೆ ಹೋಗಿ ಲುಂಗಿಯನ್ನು ಹಿಂಡಿ ಒಣಹಾಕಿದರು.

ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಮನೆಗೆ ಬಂದವಳು ಕೊನೆಯ ಪೊಟ್ಟಣ ಹಿಡಿದುಕೊಂಡು, ಬೇಲಿಯಲ್ಲಿ ಹತ್ತಿಳಿಯಲು ಇಟ್ಟ ತಡಮೆ ದಾಟಿದೆ. ಚೇಚಿಯ ಅಡುಗೆಮನೆಯನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಕಿಟಕಿಯ ಕೆಳಗೆ ಓವನ್, ಅದರ ಮೇಲೆ ಕಾಗದ ಸುತ್ತಿದ ಹೊಸ ಟ್ರೇ. ಅಂಗಡಿಯ ಕಾಗದ ನಾನು ಬಂದ ಮೇಲೆ ಬಿಚ್ಚಲೆಂದೇ ಹಾಗೆ ಇಟ್ಟಿದ್ದರು.

ತೋಫುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಒಂದು ಮಣೆ, ಮಣೆಯ ಮೇಲೆ ಕಡೆಯುವ ಕಲ್ಲಿನ ಗುಂಡು ಇಟ್ಟರು. ಅರ್ಧ ಗಂಟೆಯಲ್ಲಿ ಬಟ್ಟೆಯ ಅಡಿಯ ತಟ್ಟೆಯಲ್ಲಿ ಒಂದು ಲೋಟದಷ್ಟು ನೀರು ನಿಂತಿತ್ತು. "ಈ ನೀರು ಒಳಗೆ ಇದ್ರೆ ಮಸಾಲೆಗೆ ಜಾಗ ಎಲ್ಲಿ?" ಎಂದರು. ನನಗೆ ನನ್ನ ಮೂರು ದಿನದ ಅಡುಗೆಯ ತಪ್ಪು ಅಲ್ಲೇ ಗೊತ್ತಾಯಿತು.

ಮಸಾಲೆಗೆ ಶುಂಠಿ, ಕಾಳುಮೆಣಸು, ಕೊತ್ತಂಬರಿ, ಒಂದು ಚಿಟಿಕೆ ಅರಿಶಿನ ಅರೆದರು. ಹಿತ್ತಲಿನ ಜೀರಿಗೆ ಮೆಣಸು, ಅವರ ಬಾಯಲ್ಲಿ ಕಾಂತಾರಿ, ಒಂದು ಹಿಡಿ ಕೊಯ್ದು ತಂದವರು ನನ್ನನ್ನು ನೋಡಿ ಒಂದನ್ನು ಮಾತ್ರ ಕಲ್ಲಿಗೆ ಹಾಕಿ ಉಳಿದದ್ದನ್ನು ಬದಿಗಿಟ್ಟರು. "ಒಳಗಿನ ಗಾಯ ಇನ್ನೂ ಹಸಿ ಇದ್ದೀತು. ಒಂದು ಸಾಕು." ಅದಕ್ಕೆ ಎರಡು ಚಮಚ ಸೋಯಾ ಸಾಸ್, ನೆನೆಸಿದ ಪುನರ್ಪುಳಿ ಸಿಪ್ಪೆಯ ಕಡುಗೆಂಪು ರಸ, ಸ್ವಲ್ಪ ಬೆಲ್ಲ, ತೆಂಗಿನೆಣ್ಣೆ. ತೋಫುವನ್ನು ಬೆರಳಿನ ಉದ್ದಕ್ಕೆ ಕತ್ತರಿಸಿ, ಮುರಿಯದ ಹಾಗೆ ಅಂಗೈಯಲ್ಲೇ ಹೊರಳಿಸಿ ಮಸಾಲೆ ಹಿಡಿಸಿದರು. ಎರಡು ಗಂಟೆ ಮುಚ್ಚಿಟ್ಟು, ಮೇಲಿಂದ ಅಕ್ಕಿಹಿಟ್ಟು ಉದುರಿಸಿ, ಹೊಸ ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಕಾದ ಓವನಿಗೆ ಇಟ್ಟರು. ಕಾಲು ಗಂಟೆ ಒಂದು ಮಗ್ಗುಲು, ಮತ್ತೆ ಕಾಲು ಗಂಟೆ ಇನ್ನೊಂದು ಮಗ್ಗುಲು.

ಓವನಿನ ಬಾಗಿಲು ತೆರೆದಾಗ ಬಂದ ಪರಿಮಳಕ್ಕೆ ನನಗೆ ಹಸಿವಾಯಿತು. ಹಸಿವು ಎನ್ನುವುದನ್ನೇ ಮರೆತು ಎರಡು ತಿಂಗಳಾಗಿತ್ತು. ಆ ಕ್ಷಣದಲ್ಲಿ ಯಾರ ಅಡುಗೆಮನೆ, ಯಾರ ಓವನ್ ಎಂಬುದು ನೆನಪಾಗಲಿಲ್ಲ. ಬಿಸಿ ಆರುವ ಮೊದಲೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ದೋಸೆಯ ಅಂಚಿನ ಹಾಗೆ ಹೊರಗೆ ಗರಿ, ಒಳಗೆ ಮೆತ್ತಗೆ. ಹುಳಿ, ಸಿಹಿ, ಆಮೇಲೆ ನಿಧಾನಕ್ಕೆ ಬಂದ ಖಾರ. ನಿಂತಲ್ಲೇ ಆರು ತುಂಡು ತಿಂದೆ. ಚೇಚಿ ಸ್ಟೂಲು ತಂದು ಹಿಂದಿನಿಂದ ನನ್ನ ಕಾಲಿಗೆ ತಾಗಿಸಿ, "ಕೂತು ತಿನ್ನಿ ಟೀಚರೇ, ಯಾರೂ ಕೊಂಡೋಗುದಿಲ್ಲ" ಎಂದರು.

ಕೂತ ಮೇಲೆ ಮನಸ್ಸು ತಡೆಯಲಿಲ್ಲ. "ಚೇಚಿ, ಒಂದು ಹೇಳ್ಬೇಕು. ಮೊದಲೆಲ್ಲ ಕ್ರಿಸ್‌ಮಸ್‌ಗೆ ನೀವು ಕೇಕ್ ಕಳಿಸ್ತಿದ್ರಿ. ಅದನ್ನು ನಾವು ತಿನ್ಲಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಕ್ಕನಿಗೆ ಕೊಡ್ತಿದ್ದೆ."

ಅವರು ಟ್ರೇ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ನಂಗೆ ಗೊತ್ತುಂಟು. ಅವ್ರು ಒಮ್ಮೆ ಬಸ್ಸಿನಲ್ಲಿ ಸಿಕ್ಕಿ, ಟೀಚರ್ ಕೊಟ್ಟ ಕೇಕ್ ಭಾರೀ ಲಾಯ್ಕಿತ್ತು ಅಂತ ಹೇಳಿದ್ರು. ನೀವು ಮೊಟ್ಟೆ ತಿನ್ನುದಿಲ್ಲ ಅಂತ ನಂಗೆ ಮೊದ್ಲೇ ಅಂದಾಜಾಗ್ಬೇಕಿತ್ತು. ಹಾಗೇ ಆಮೇಲೆ ಹಣ್ಣು ಕೊಡುದು."

ಆಗ ನೆನಪಾಯಿತು. ಐದಾರು ವರ್ಷಗಳಿಂದ ಕೇಕ್ ಬರುವುದು ನಿಂತು, ಡಿಸೆಂಬರಿನಲ್ಲಿ ಒಂದು ಚಿಪ್ಪು ನೇಂದ್ರ ಬಾಳೆಹಣ್ಣು, ಮಳೆಗಾಲದಲ್ಲಿ ಒಂದು ಚೀಲ ರಂಬುಟಾನ್ ಬರುತ್ತಿತ್ತು. ಯಾಕೆ ಬದಲಾಯಿತೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹಣ್ಣು ತಿಂದು ಸಿಪ್ಪೆ ಎಸೆದಿದ್ದೆ, ಅಷ್ಟೇ. ಅವರು ಬೇಸರಪಟ್ಟುಕೊಳ್ಳದೆ ನನಗೆ ಯಾವುದು ಆದೀತೆಂದು ನೋಡಿ ಕೊಟ್ಟಿದ್ದರು. "ಕ್ಷಮಿಸಿ" ಎಂದರೆ, "ಎಂತದಕ್ಕೆ? ನಿಮ್ಮ ಪದ್ಧತಿ ನಿಮಗೆ. ಇನ್ನೂ ನಾಲ್ಕು ತುಂಡು ಉಂಟು, ಮುಗಿಸಿ" ಎಂದರು.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ತಡಮೆ ದಾಟುವುದು ರೂಢಿಯಾಯಿತು. ಈಸ್ಟರ್ ಮುಗಿದು ಅವರ ಮನೆಯಲ್ಲಿ ಮತ್ತೆ ಮೀನು ಮಾಂಸ ಶುರುವಾದಾಗ, ಇನ್ನು ಹೇಗೋ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದೆ. ಹೋಗಿ ನೋಡಿದರೆ ಟ್ರೇಯನ್ನು ಬೇರೆಯೇ ಒಂದು ಮೊಳೆಗೆ ನೇತುಹಾಕಿದ್ದರು. ಓವನನ್ನು ಪ್ರತಿ ಶುಕ್ರವಾರ ಅಡಿಗೆ ಸೋಡಾ ಹಾಕಿ ಉಜ್ಜುತ್ತಿದ್ದರೆಂದು ಅವರ ಗಂಡನ ಬಾಯಿಂದ ತಿಳಿಯಿತು. "ಅಷ್ಟೆಲ್ಲ ಬೇಡ ಚೇಚಿ" ಎಂದೆ. ನಾನು ನಿಜವಾಗಿಯೂ ಬೇಡ ಎಂದೇ ಹೇಳಿದ್ದೆ. ಅವರು ಕೇಳಲಿಲ್ಲ.

ಪೊಟ್ಟಣಕ್ಕಾಗಿ ಪುತ್ತೂರಿಗೆ ಓಡುವುದು ಕಷ್ಟವಾದಾಗ ಚೇಚಿಯೂ ನಾನೂ ಸೋಯಾ ಕಾಳು ತಂದು ಅವರ ಹಿತ್ತಲ ಒಲೆಯಲ್ಲೇ ತೋಫು ಮಾಡಲು ಹೊರಟೆವು. ಕಾಳು ನೆನೆಸಿ, ಕಡೆದು, ಸೋಸಿ, ಕುದಿಸುವವರೆಗೆ ಎಲ್ಲ ಸರಿಯಾಯಿತು. ಒಡೆಸಲು ಮನೆಯಲ್ಲಿ ನಿಂಬೆ ಇರಲಿಲ್ಲ. ನಾನು ಜಾಣತನ ಮಾಡಿ ಪುನರ್ಪುಳಿಯ ರಸ ಹೊಯ್ದೆ. ಹಾಲು ಒಡೆಯಿತು, ಆದರೆ ತೋಫು ತಿಳಿ ನೇರಳೆ ಬಣ್ಣಕ್ಕೆ ತಿರುಗಿತು. ಯಜಮಾನರು ಬೇಲಿಯಿಂದಲೇ ನೋಡಿ, "ಎಂತ, ಸ್ನಾನದ ಸೋಪು ಮಾಡುದಾ?" ಎಂದರು. ಚೇಚಿ ನಕ್ಕು ನಕ್ಕು ನೆಲಕ್ಕೆ ಕೂತರು. ಆ ನೇರಳೆ ತೋಫುವನ್ನೂ ಮಸಾಲೆ ಹಚ್ಚಿ ಬೇಯಿಸಿ ತಿಂದೆವು. ರುಚಿಗೇನೂ ಕಮ್ಮಿ ಇರಲಿಲ್ಲ. ಆಮೇಲೆ ಹಿತ್ತಲಿನ ಹುಳಿಕಾಯಿ ಬಿಂಬುಳಿಯ ರಸದಿಂದ ಒಡೆಸಲು ಕಲಿತೆ. ಅದು ಬಿಳಿಯಾಗಿಯೇ ಬರುತ್ತದೆ.

ಆ ವರ್ಷದ ಡಿಸೆಂಬರಿನಲ್ಲಿ ಚೇಚಿ ಅಂಗಳದ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದರು. ಕ್ರಿಸ್‌ಮಸ್ ಕೇಕಿನ ಆರ್ಡರುಗಳನ್ನೆಲ್ಲ ಆಗಲೇ ಒಪ್ಪಿಕೊಂಡಾಗಿತ್ತು. ಒಣಹಣ್ಣುಗಳು ಭರಣಿಯಲ್ಲಿ ನೆನೆಯುತ್ತಿದ್ದವು. "ಎಲ್ಲರಿಗೂ ಫೋನ್ ಮಾಡಿ ಆಗುದಿಲ್ಲ ಅಂತ ಹೇಳುದು" ಎಂದರು.

"ಫೋನ್ ಎಲ್ಲ ಬೇಡ. ನೀವು ಹೇಳಿ, ನಾನು ಮಾಡ್ತೇನೆ" ಎಂದೆ.

"ಮೊಟ್ಟೆ ಉಂಟು ಟೀಚರೇ."

"ಗೊತ್ತುಂಟು."

ಮೊದಲ ಮೊಟ್ಟೆ ನನ್ನ ಕೈಯಲ್ಲೇ ಪುಡಿಯಾಯಿತು. ವಾಸನೆ ತಡೆಯದೆ ಹೊರಗೆ ಹೋಗಿ ಗಾಳಿ ಕುಡಿದು ಬಂದೆ. ಹತ್ತನೆಯದರ ಹೊತ್ತಿಗೆ ಬಟ್ಟಲಿನ ಅಂಚಿಗೆ ತಟ್ಟಿ ಎರಡು ಹೋಳು ಮಾಡಲು ಬಂತು. ನಾಲ್ಕು ದಿನ ಅವರು ಸ್ಟೂಲಿನ ಮೇಲೆ ಕೂತು ಹೇಳಿದರು, ನಾನು ಕಲಸಿದೆ, ಅವರ ಗಂಡ ಟಿನ್ನುಗಳನ್ನು ಓವನಿಗೆ ಇಟ್ಟು ತೆಗೆದರು. ಒಂದೇ ಒಂದು ಆರ್ಡರೂ ತಪ್ಪಲಿಲ್ಲ. ನಾನು ಆ ಕೇಕನ್ನು ತಿನ್ನಲಿಲ್ಲ, ಈಗಲೂ ತಿನ್ನುವುದಿಲ್ಲ. ಅವರು ತಿನ್ನಿ ಎಂದು ಕೇಳಲೂ ಇಲ್ಲ. ಪ್ರತಿ ದಿನ ಮನೆಗೆ ಹೊರಡುವಾಗ ಎಡಗೈಯಿಂದ ನನ್ನ ಕೈ ಹಿಡಿದು ಒಂದು ಸಲ ಅದುಮಿ ಬಿಡುತ್ತಿದ್ದರು. ಅಷ್ಟು ಸಾಕಿತ್ತು.

ಮರುವರ್ಷದ ಬೇಸಿಗೆ ರಜೆಯಲ್ಲಿ ನನ್ನ ಅಮ್ಮ ಸುಳ್ಯದಿಂದ ಬಂದರು. ಎಂಬತ್ತರ ಹತ್ತಿರದ ಜೀವ, ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟು. ನನ್ನ ಆಪರೇಷನ್ ಆದಾಗ ಅವರು ಕಾಲುನೋವಿನಿಂದ ಮಲಗಿದ್ದರು. ಬಂದು ನೋಡಲಾಗಲಿಲ್ಲ ಎಂಬ ಕೊರಗಿತ್ತು. ಬಂದವರೇ ನನ್ನ ತೋಳು ಮುಟ್ಟಿ ಮುಟ್ಟಿ ನೋಡಿದರು. ನನ್ನ ತೂಕ ಮೊದಲಿನಷ್ಟೇ ಆಗಿತ್ತು. ಡಾಕ್ಟರು ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದಿದ್ದರು.

ಶನಿವಾರ ಅಮ್ಮನ ಊಟದ ಎಲೆಗೆ ತೋಫು ಬಡಿಸಿದೆ. ಒಂದು ತುಂಡು ತಿಂದು ಚೆನ್ನಾಗಿದೆ ಎಂದರು. ಆಮೇಲೆ, "ಇದನ್ನು ಎಂತದರಲ್ಲಿ ಬೇಯಿಸಿದ್ದು? ನಿನ್ನ ಒಲೆಯಲ್ಲಿ ಹೀಗೆ ಆಗ್ಲಿಕ್ಕಿಲ್ಲ" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಯಜಮಾನರು ನನ್ನ ಮುಖ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಕ್ಕದ ಮನೆಯಲ್ಲಿ, ಅವರ ಓವನಿನಲ್ಲಿ, ಒಂದು ವರ್ಷದಿಂದ. ಅಮ್ಮನ ಕೈ ಎಲೆಯ ಮೇಲೆ ನಿಂತಿತು. ಊಟ ಬಿಟ್ಟು ಏಳುತ್ತಾರೆ ಎಂದುಕೊಂಡೆ. ಅವರು ಇನ್ನೊಂದು ತುಂಡು ಎತ್ತಿಕೊಂಡರು. ಅಗಿದು ನುಂಗಿ, "ಉಪ್ಪು ಒಂದು ಕಲ್ಲು ಹೆಚ್ಚಾಗಿದೆ" ಎಂದರು.

ಸಂಜೆ ಬಿಸಿಲು ಇಳಿದ ಮೇಲೆ ಕೋಲು ಹಿಡಿದು ಹೊರಗೆ ಬಂದರು. "ಆ ಹೆಂಗಸಿನ ಮನೆಗೆ ಹೇಗೆ ಹೋಗುದು? ನನ್ನಿಂದ ಬೇಲಿ ದಾಟ್ಲಿಕ್ಕೆ ಆಗುದಿಲ್ಲ." ರಸ್ತೆ ಸುತ್ತಿ ಕರೆದುಕೊಂಡು ಹೋದೆ. ಚೇಚಿ ಗಾಬರಿಯಿಂದ ಕುರ್ಚಿ ಒರೆಸಿ ಹಾಕಿದರು. ಅಮ್ಮನಿಗೆ ಮಲಯಾಳ ಬಾರದು, ಚೇಚಿಗೆ ನಮ್ಮ ಮನೆಮಾತು ಬಾರದು. ಪೇಟೆಯ ಕನ್ನಡ ಅಮ್ಮನ ನಾಲಿಗೆಗೆ ಹೊರಳದು, ಹಾಗಾಗಿ ಇಬ್ಬರೂ ಊರಿನ ತುಳುವಿಗೆ ಇಳಿದರು. ಮೊದಲು ಕಾಲುನೋವಿನ ಮಾತು, ಮತ್ತೆ ಯಾವ ಎಣ್ಣೆ ತಿಕ್ಕಿದರೆ ಒಳ್ಳೆಯದೆಂಬ ಮಾತು. ಎದ್ದು ಹೊರಡುವಾಗ ಅಮ್ಮ ಚೇಚಿಯ ತಲೆಯ ಮೇಲೆ ಕೈ ಇಟ್ಟು, "ನಾನು ಬಂದು ನೋಡ್ಬೇಕಾದದ್ದನ್ನು ನೀನು ನೋಡಿದ್ದಿ ಮಗಾ" ಎಂದು ತುಳುವಿನಲ್ಲಿ ಹೇಳಿದರು. ಚೇಚಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಒಂದು ಗ್ಲಾಸ್ ನೀರು ತರ್ಲಾ ಅಮ್ಮ?" ಎಂದು ಅಳುಕುತ್ತಲೇ ಕೇಳಿದರು.

"ನೀರು ತಾ. ಜೊತೆಗೆ ಬೆಲ್ಲ ಇದ್ರೆ ಒಂದು ತುಂಡೂ ತಾ," ಎಂದು ಅಮ್ಮ ಮತ್ತೆ ಕುರ್ಚಿಯಲ್ಲಿ ಕೂತರು.