ಮಣ್ಣಿನ ಲಾರಿಯ ಫಕ್ಕೀರಪ್ಪಣ್ಣ

ಲಾರಿ ಕಲಿಯಲು ಬಂದವರಿಗೆ ಫಕ್ಕೀರಪ್ಪಣ್ಣ ಮೊದಲ ದಿನ ಸ್ಟೇರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಬಂಪರಿನ ಮುಂದೆ ಒಂದು ಮೊಳ ದೂರದಲ್ಲಿ ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದರು. ಆಗಿನ ಲಾರಿಗಳಿಗೆ ಉದ್ದನೆಯ ಮೂತಿ. ತಾವು ಮೇಲೆ ಹತ್ತಿ ಎಂಜಿನ್ ಚಾಲೂ ಮಾಡಿ, "ಎಲ್ಲಿ ಅದೀಯೋ ತಮ್ಮಾ? ನನಗ ಕಾಣಾಕತ್ತಿಲ್ಲ!" ಎಂದು ಕೂಗುತ್ತಿದ್ದರು. ಕೆಳಗೆ ಕೂತವನ ಮುಖಕ್ಕೆ ಬಿಸಿಗಾಳಿ ಬಡಿಯುತ್ತಿತ್ತು. ಐದು ನಿಮಿಷದ ನಂತರ ಅದಲುಬದಲು. ಕಲಿಯುವವನು ಮೇಲೆ, ಅವರು ಕೆಳಗೆ. ನಾನು ಮೇಲೆ ಕೂತು ನೋಡಿದಾಗ ನನಗೆ ಕಂಡದ್ದು ಬರೀ ಕೆಂಪು ರಸ್ತೆ.

"ರಸ್ತೆ ಖಾಲಿ ಐತೇನು?" ಕೆಳಗಿನಿಂದ ದನಿ ಬಂತು.

"ಖಾಲಿ ಐತ್ರಿ."

"ಹಂಗಾದ್ರ ನಾ ಸತ್ತೆ," ಎಂದು ಎದ್ದು ನಿಂತು ಪಂಚೆ ಝಾಡಿಸಿಕೊಂಡರು. ಆ ದಿನದ ಪಾಠ ಅಷ್ಟೇ.

ಎಂಬತ್ತರ ದಶಕದ ನಡುವಿನ ಮಾತು. ಬನಹಟ್ಟಿಯಲ್ಲಿ ಕೈಮಗ್ಗ ನೇಯುತ್ತಿದ್ದವನು ನಾನು. ಮಗ್ಗ ನಿಂತ ಮೇಲೆ ಹೆಂಡತಿಯನ್ನು ಕರೆದುಕೊಂಡು ಗೋವೆಗೆ ಬಂದೆ. ಫೋಂಡಾದ ಹೊರವಲಯದಲ್ಲಿ ನಮ್ಮ ಕಡೆಯ ಜನರ ಒಂದು ಚಾಳ ಇತ್ತು. ಅಲ್ಲಿ ಕೊನೆಯ ಕೋಣೆ ಫಕ್ಕೀರಪ್ಪಣ್ಣನವರದು. ಸವದತ್ತಿ ಕಡೆಯವರು, ಐವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು ಸಾವಿತ್ರಿ ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ಗಣಿಯಿಂದ ನದಿ ದಂಡೆಯ ಜೆಟ್ಟಿಗೆ ಅದಿರು ಹೊರುವ, ಗೋವೆಯ ಮಾಲಕನೊಬ್ಬನ ಲಾರಿ ಓಡಿಸುತ್ತಿದ್ದರು. ಜೆಟ್ಟಿಯಿಂದ ಅದಿರು ಬಾರ್ಜಿನಲ್ಲಿ ಮುರ್ಮುಗಾಂವ್ ಬಂದರಿಗೆ ಹೋಗುತ್ತಿತ್ತು. ಅದಿರು ಅಂತ ಯಾರೂ ಅನ್ನುತ್ತಿರಲಿಲ್ಲ. ಮಣ್ಣು, ಮಣ್ಣಿನ ಲಾರಿ. ಅದನ್ನು ಓಡಿಸುವವರ ಹುಬ್ಬು, ಕಿವಿ, ತಟ್ಟೆಯಲ್ಲಿನ ಅನ್ನ ಎಲ್ಲಕ್ಕೂ ಅದೇ ಕೆಂಪು ಬಣ್ಣ.

ನನಗೂ ಕಲಿಸಿರಿ ಎಂದು ಕೇಳಿಕೊಂಡು ಹೋದಾಗ ಅವರು ಹುರುಪು ತುಂಬುವ ಒಂದು ಮಾತೂ ಆಡಲಿಲ್ಲ.

"ಕೈಯಾಗ ಒಂದು ಚಲೋ ಕಸಬು ಐತಿ. ಹೋಗಿ ಗೌಂಡಿ ಕೆಲಸ ಮಾಡು, ಅಂಗಡ್ಯಾಗ ಪೊಟ್ಟಣಾ ಕಟ್ಟು. ಇದರಾಗ ಯಾಕ ಬೀಳ್ತೀ? ಈ ಕೆಲಸ ಮನಶಾನ್ನ ತಿಂತೈತಿ. ಮೊದಲ ಬೆನ್ನು, ಆಮ್ಯಾಲೆ ಕಣ್ಣು, ಕಡೀಕ ನಿದ್ದಿ."

ಮೂರು ಸಲ ಹೀಗೇ ವಾಪಸು ಕಳಿಸಿದರು. ನಾಲ್ಕನೆಯ ಸಲ ನನ್ನ ಹೆಂಡತಿ ಜೊತೆಗೆ ಬಂದಳು. ಅವಳನ್ನು ನೋಡಿ, "ಇವ ಸತ್ರ ನೀ ಏನ್ ಮಾಡ್ತೀಯವ್ವಾ?" ಎಂದು ಕೇಳಿದರು. ಅವಳು ಸಿಟ್ಟಿನಿಂದ, "ಇವರು ಸಾಯಬಾರ್ದು ಅಂತನ ನಿಮ್ಮ ಹಂತ್ಯಾಕ ಕರಕೊಂಡು ಬಂದೇನ್ರಿ," ಎಂದಳು. ಅವರು ನನ್ನ ಕಡೆ ತಿರುಗಿ, "ನಾಳೆ ಬಾ," ಎಂದರು.

ಕಲಿಸುವಾಗ ಅವರು ಬೈಯುತ್ತಿರಲಿಲ್ಲ, ಮಾತೂ ಕಡಿಮೆ. ಆದರೆ ಆಡಿದ್ದು ಮರೆಯುವಂತಿರಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದಾಗ ನಾನು ಗಾಬರಿಯಾದರೆ, "ಅವಸರ ಅವಂದು, ನಿಂದಲ್ಲ," ಎನ್ನುತ್ತಿದ್ದರು. ಊಟ ಅರ್ಧ ಹೊಟ್ಟೆಗೆ, ರೊಟ್ಟಿ ಮತ್ತು ಉಳ್ಳಾಗಡ್ಡಿ. ಅನ್ನ ತಿಂದು ಇಳಿಜಾರಿಗೆ ಹೋಗಬಾರದು, ಕಣ್ಣು ಎಳೆಯುತ್ತದೆ. ಹೊರಡುವ ಮೊದಲು ಲಾರಿಯನ್ನು ಒಂದು ಸುತ್ತು ಹಾಕಿ, ಬಗ್ಗಿ, ಕೆಳಗೆ ನೋಡಿ ಮೂರು ಭಾಷೆಯಲ್ಲಿ ಕೂಗುವುದು: "ಯಾರರ ಅದೀರೇನ್ರೀ? ಕೋಣ್ ಆಸಾ? ಕೋಯಿ ಹೈ ಕ್ಯಾ?" ಉಳಿದ ಡ್ರೈವರುಗಳು ನಗುತ್ತಿದ್ದರು. ಗಣಿಯ ಹತ್ತಿರ ಮಣ್ಣು ಕೆದರುವ ಹೆಂಗಸರು ಅವರ ದನಿಯನ್ನೇ ಅಣಕಿಸಿ, "ಕೋಣ್ ನಾ ರೇ, ಕೋಣ್ ನಾ!" ಎಂದು, ಯಾರೂ ಇಲ್ಲವೆಂದು, ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದರು. ಫಕ್ಕೀರಪ್ಪಣ್ಣನಿಗೆ ಅದರಿಂದ ಬೇಜಾರಿರಲಿಲ್ಲ. "ಉತ್ತರ ಬಂತಲ್ಲ, ಸಾಕು."

ಒಮ್ಮೆ ಜೆಟ್ಟಿಯ ಇಳಿಜಾರಿನಲ್ಲಿ ತುಂಬಿದ ಲಾರಿಯನ್ನು ನಾನು ನ್ಯೂಟ್ರಲ್ ಮಾಡಿ ಬಿಟ್ಟೆ. ಡೀಸೆಲ್ ಉಳಿಸಲು ಎಲ್ಲರೂ ಗೇರು ತೆಗೆದು ಹಾಗೆಯೇ ಇಳಿಸುತ್ತಿದ್ದರು. ಅವರು ಪಕ್ಕದಲ್ಲಿ ಕೂತಿದ್ದರು. ಕೆಳಗೆ ಮುಟ್ಟಿದ ಮೇಲೆ, "ಇಳಿ," ಎಂದರು. ನಟ್ಟ ನಡುಮಧ್ಯಾಹ್ನ. ಆ ಇಳಿಜಾರನ್ನು ಪೂರ್ತಿ ಹತ್ತಿಸಿ, ಮತ್ತೆ ಇಳಿಸಿ, ತಾವೂ ಜೊತೆಗೇ ನಡೆದರು. ದಾರಿಯಲ್ಲಿ ಮೂರು ಕಡೆ ನಿಂತು, ಇಲ್ಲಿ ಒಬ್ಬ, ಇಲ್ಲಿ ಇಬ್ಬರು, ಇಲ್ಲಿ ಒಬ್ಬ ಎಂದು ಬೆರಳು ಮಾಡಿ ತೋರಿಸಿದರು. ಎಲ್ಲರೂ ಅಲ್ಲಿ ಬ್ರೇಕು ಹಿಡಿಯದೆ ಸತ್ತ, ಅವರು ಹೆಸರಿನಿಂದ ಬಲ್ಲ ಡ್ರೈವರುಗಳು. "ಯಾವ ಗೇರಿನ್ಯಾಗ ಹತ್ತಬೇಕೋ ಅದ ಗೇರಿನ್ಯಾಗ ಇಳೀಬೇಕು. ಮತ್ತ, ಕಣ್ಣು ಮಂಜಾದ ದಿನಾ ಕೀಲಿ ಕೊಟ್ಟು ಮನಿಗೆ ಹೋಗಬೇಕು. ಇಷ್ಟ ತಿಳಕೊಂಡ್ರ ನಿನಗ ಎಲ್ಲಾ ಬಂದಂಗ."

ನನಗೆ ಲೈಸೆನ್ಸ್ ಸಿಕ್ಕಿತು, ಅದೇ ಮಾಲಕನ ಹತ್ತಿರ ಲಾರಿಯೂ ಸಿಕ್ಕಿತು. ಎಂಟು ಹತ್ತು ವರ್ಷ ಹಾಗೇ ಹೋದವು. ಫಕ್ಕೀರಪ್ಪಣ್ಣನಿಗೆ ಸಕ್ಕರೆ ರೋಗ ಹಿಡಿಯಿತು. ರೊಟ್ಟಿ ಕಡಿಮೆಯಾಯಿತು, ನೀರು ಜಾಸ್ತಿಯಾಯಿತು. ಅದಕ್ಕಿಂತ ಹೆಚ್ಚಿನದೇನೂ ನನಗೆ ಕಾಣಲಿಲ್ಲ.

ಒಂದು ಬೆಳಿಗ್ಗೆ ನನ್ನ ಲಾರಿ ಗ್ಯಾರೇಜಿನಲ್ಲಿತ್ತು, ನಾನು ಅವರ ಪಕ್ಕ ಕೂತು ಹೋಗುತ್ತಿದ್ದೆ. ತಿರುವಿನಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆಯ ಅಂಚಿನಲ್ಲಿ ಬರುತ್ತಿದ್ದಳು. ಹಾಡಹಗಲು, ಹಸಿರು ಸೀರೆ. ಲಾರಿ ನೇರ ಅವಳತ್ತ ಹೋಯಿತು. ನಾನು ಕಿರುಚಿದೆ. ಅವರು ಬ್ರೇಕು ಒತ್ತಿದರು. ಅವಳು ಚರಂಡಿಗೆ ಹಾರಿದಳು, ಬಂಗಡೆ ಮೀನೆಲ್ಲಾ ರಸ್ತೆಯ ಮೇಲೆ ಚೆಲ್ಲಿದವು. ಅವಳು ಕೊಂಕಣಿಯಲ್ಲಿ ಬೈಯುತ್ತಿದ್ದಳು. ಫಕ್ಕೀರಪ್ಪಣ್ಣ ಇಳಿದು ಮೊಳಕಾಲೂರಿ ಮೀನು ಆರಿಸತೊಡಗಿದರು. ಅಂಗೈಯಿಂದ ಡಾಂಬರನ್ನು ಸವರುತ್ತ, ಕೈಗೆ ತಗುಲಿದ್ದನ್ನು ಹಿಡಿಯುತ್ತಿದ್ದರು. ಒಂದು ಮೀನು ಅವರ ಮೊಳಕಾಲಿನ ಪಕ್ಕದಲ್ಲೇ ಬಿದ್ದಿತ್ತು. ಅದು ಅವರಿಗೆ ಸಿಗಲಿಲ್ಲ.

ಮತ್ತೆ ಲಾರಿ ಹತ್ತಿದ ಮೇಲೆ ಅವರೇ ಮಾತು ತೆಗೆದರು. "ನಿನಗ ಗೊತ್ತಾತು."

"ಎಷ್ಟ ದಿನಾ ಆತ್ರಿ ಅಣ್ಣಾ?"

"ವರ್ಷ ಆತು. ಸಕ್ಕರಿ ಕಣ್ಣಿಗೆ ಬಂತು, ನಡೂಕ ಕಪ್ಪು ಚುಕ್ಕಿ ನಿಂತಾವ. ಡಾಕ್ಟರು ಆರಾಮ ಆಗಂಗಿಲ್ಲ ಅಂದಾರ. ಸಾವಿತ್ರೀದು ಟಿ.ಸಿ.ಎಚ್. ಇನ್ನ ಒಂದು ವರ್ಷ ಐತಿ ತಮ್ಮಾ. ಆಕಿ ಮಾಸ್ತರಬಾಯಿ ಆಗಲಿ, ನಾ ಇಳೀತೇನಿ. ಈ ದಾರಿ ನನಗ ಪಾಠ ಆಗೈತಿ, ಕಣ್ಣು ಬ್ಯಾಡ."

ಕಣ್ಣು ಬೇಡ ಎಂದು ಅವರ ಬಾಯಿಂದಲೇ ಕೇಳಬೇಕಾಯಿತು. ನಾನು ವಾರವಿಡೀ ಸಂಕಟಪಟ್ಟೆ. ಕಡೆಗೆ ಅವರಿಗೆ ಹೇಳದೆ ಮಾಲಕನ ಮನೆಗೆ ಹೋದೆ. ಪಾತ್ರಾಂವ್ ಎಂದೇ ನಾವು ಅವನನ್ನು ಕರೆಯುತ್ತಿದ್ದೆವು. ಅವನು ವರಾಂಡದಲ್ಲಿ ಕೂತು ಎಲ್ಲವನ್ನೂ ಕೇಳಿ ನಕ್ಕ. "ಅರೇ, ಇಪ್ಪತ್ತು ವರ್ಷದಿಂದ ಓಡಿಸ್ತಾ ಇದ್ದಾನೆ. ಕಣ್ಣು ಮುಚ್ಚಿ ಹೋಗ್ತಾನೆ, ಬಿಡು." ಅವನಿಗೆ ಆಗಲೇ ಗೊತ್ತಿತ್ತು ಎಂದು ಆ ನಗುವಿನಲ್ಲೇ ನನಗೆ ತಿಳಿಯಿತು. ಮಳೆ ಬಿದ್ದು ಗಣಿಯ ಸೀಸನ್ ಮುಗಿಯುವವರೆಗೆ ಅವನಿಗೆ ಡ್ರೈವರ್ ಬೇಕಿತ್ತು.

ಅಲ್ಲಿಂದ ನೇರ ಚಾಳಕ್ಕೆ ಬಂದು ಫಕ್ಕೀರಪ್ಪಣ್ಣನ ಬಾಗಿಲಲ್ಲಿ ನಿಂತು ಕೈ ಚಾಚಿದೆ. "ಕೀಲಿ ಕೊಡ್ರಿ ಅಣ್ಣಾ."

ಅವರು ರೊಟ್ಟಿ ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ. "ಸಾವಿತ್ರೀಗೆ ನೀ ಏನ್ ಹೇಳ್ತೀ?" ಎಂದರು.

ಕೀಲಿ ಗೋಡೆಯ ಮೊಳೆಗೆ ತೂಗಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಸಿಗುತ್ತಿತ್ತು. ನಾನು ಅದನ್ನು ನೋಡಿದೆ, ಅವರನ್ನು ನೋಡಿದೆ, ಹೊರಟು ಬಂದೆ. ಹೆಂಡತಿ ಕೇಳಿದಾಗ, "ಕೊಡಲಿಲ್ಲ," ಎಂದೆ. "ನೀವು ತಗೋಲಿಲ್ಲ ಅನ್ರಿ," ಎಂದಳು.

ಮೂರು ತಿಂಗಳು ಏನೂ ಆಗಲಿಲ್ಲ. ನನ್ನ ಹೆದರಿಕೆಯೂ ನಿಧಾನಕ್ಕೆ ಕಡಿಮೆಯಾಗತೊಡಗಿತ್ತು. ಆಮೇಲೆ ಒಂದು ಮಧ್ಯಾಹ್ನ ಜೆಟ್ಟಿಯಲ್ಲಿ ಮಣ್ಣು ಸುರಿಯಲು ಅವರು ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡರು. ಅಲ್ಲಿ ರಾಶಿ ಸಮ ಮಾಡುವ ಹೆಂಗಸರಲ್ಲಿ ಗಂಗವ್ವ ಎಂಬವಳಿದ್ದಳು, ವಿಜಾಪುರ ಕಡೆಯವಳು. ಅವರು ಎಂದಿನಂತೆ ಕೂಗಿದ್ದರಂತೆ, ಆದರೆ ಬಾರ್ಜಿಗೆ ಮಣ್ಣು ತುಂಬುವ ಯಂತ್ರದ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಕನ್ನಡಿಯಲ್ಲಿ ಅವಳು ಇದ್ದಳು. ಅಲ್ಲಿದ್ದವರೆಲ್ಲರಿಗೂ ಕಂಡಳು, ಅವರಿಗೊಬ್ಬರಿಗೆ ಕಾಣಲಿಲ್ಲ. ಹಿಂದಿನ ಗಾಲಿ ಅವಳ ಮೇಲೆ ಹೋಯಿತು.

ನನ್ನ ಲಾರಿ ನಾಲ್ಕು ಲಾರಿ ಹಿಂದಿತ್ತು. ನಾನು ಓಡಿ ಬರುವಷ್ಟರಲ್ಲಿ ಹೆಂಗಸರು ಗಂಗವ್ವನ ಮೇಲೆ ಸೀರೆ ಹೊದಿಸಿದ್ದರು. ಫಕ್ಕೀರಪ್ಪಣ್ಣ ಮಣ್ಣಿನಲ್ಲಿ ಕೂತು, "ಯಾರು? ಯಾರು ಅದು? ಹೆಸರು ಹೇಳ್ರಿ," ಎಂದು ಎಲ್ಲರನ್ನೂ ಕೇಳುತ್ತಿದ್ದರು. ಯಾರೂ ಹೇಳಲಿಲ್ಲ. ನಾನು ಹೇಳಿದೆ.

ಪಾತ್ರಾಂವ್ ಬಂದು ಅವರನ್ನು ಪಕ್ಕಕ್ಕೆ ಕರೆದು, ಬ್ರೇಕು ಹೋಗಿತ್ತು ಎಂದು ಹೇಳು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಠಾಣೆಯಲ್ಲಿ ನಾನೂ ಇದ್ದೆ. ಫಕ್ಕೀರಪ್ಪಣ್ಣ ಫೌಜದಾರನ ಮುಂದೆ ನಿಂತು, "ಬ್ರೇಕು ಚಲೋ ಇತ್ರಿ ಸಾಹೇಬ್ರ. ನನಗ ಕಣ್ಣು ಕಾಣಂಗಿಲ್ಲ. ಗೊತ್ತಿದ್ದ ಓಡಿಸಿದೆ," ಎಂದರು. ಪಾತ್ರಾಂವ್‌ಗೆ ಗೊತ್ತಿತ್ತೆಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಇಬ್ಬರು ಮಕ್ಕಳಾಗಿದ್ದರು, ಲಾರಿ ಅವನದಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅವರಿಗೆ ಶಿಕ್ಷೆಯಾಯಿತು. ಸಾವಿತ್ರಿ ಓದು ಬಿಟ್ಟು ಗೋವೆಗೆ ಬಂದು ಕೊರ್ತಾಲಿಮ್‌ನಲ್ಲಿ ದೂರದ ಸಂಬಂಧಿಕರ ಮನೆಯಲ್ಲಿ ಉಳಿದಳು. ಬಸ್ ಸ್ಟಾಪಿನ ಹತ್ತಿರ ಕಾಯಿಪಲ್ಲೆ ಮಾರುತ್ತಿದ್ದಳು. ಅವರು ಹೊರಬಂದ ಮೇಲೆ ಅಲ್ಲೇ ಒಂದು ಕೋಣೆಯಲ್ಲಿ ಇಬ್ಬರೂ ಇದ್ದರು. ನನಗೆ ಹೋಗಲು ಧೈರ್ಯ ಬರಲು ವರ್ಷವೇ ಹಿಡಿಯಿತು.

ಹೋದಾಗ ಸಾವಿತ್ರಿ ಹರಿವೆ ಸೊಪ್ಪು ಕಟ್ಟುತ್ತಿದ್ದಳು. ನನ್ನ ಗುರುತು ಹಿಡಿದು ಒಳಗೆ ಕೈ ತೋರಿಸಿದಳು. ಅವರು ಚಾಪೆಯ ಮೇಲೆ ಕೂತಿದ್ದರು. ತೀರಾ ಸಣ್ಣಗಾಗಿದ್ದರು. ದನಿಯಿಂದ ನನ್ನನ್ನು ತಿಳಿದರು, ಹೆಂಡತಿ ಮಕ್ಕಳನ್ನು ವಿಚಾರಿಸಿದರು. ನಾನು ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವರು, "ಅವತ್ತ ನೀ ಕೀಲಿ ತಗೊಂಡಿದ್ರ ನಾ ನಿನ್ನ ಹೊಡೀತಿದ್ದೆ. ಹೊಡದ್ರೂ ನೀ ತಗೋಬೇಕಾಗಿತ್ತು," ಎಂದರು. ಸಿಟ್ಟಿನಿಂದಲ್ಲ. ಕಲಿಸುವಾಗ ಇರುತ್ತಿದ್ದ ಅದೇ ದನಿ.

ಹೊರಡಲು ಎದ್ದಾಗ ನಾನು, "ಹೊಸಬರು ಕಲೀಲಿಕ್ಕೆ ನನ್ನ ಹಂತ್ಯಾಕ ಬರಾಕತ್ತಾರ್ರಿ ಅಣ್ಣಾ. ಏನ್ ಹೇಳ್ಲಿ ಅವರಿಗೆ?" ಎಂದೆ.

"ಬ್ಯಾಡ ಅನ್ನು. ಕೇಳಲಿಲ್ಲಂದ್ರ ಕಲಿಸು. ನಾ ಹೇಳಿದ್ದೆಲ್ಲಾ ಖರೇ ಐತಿ, ಅದರಾಗ ಒಂದೂ ಸುಳ್ಳಿಲ್ಲ." ಕೈಯಿಂದ ತಡವಿ ಚಾಪೆಯ ಅಂಚು ಸರಿ ಮಾಡಿದರು. "ನನ್ನ ಹೆಸರು ಮಾತ್ರ ಹೇಳಬ್ಯಾಡ. ಆ ಹೆಸರು ಕೇಳಿದ್ರ ಯಾರೂ ನಂಬಂಗಿಲ್ಲ."

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಎರಡು ವಾರದ ಮೇಲೆ. ಆಗ ಸಾವಿತ್ರಿ ಕೋಣೆ ಬಿಟ್ಟು ಎಲ್ಲಿಗೋ ಹೋಗಿದ್ದಳು. ಎಲ್ಲಿಗೆಂದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಹತ್ತೆಂಟು ಮಂದಿಗೆ ಲಾರಿ ಕಲಿಸಿದ್ದೇನೆ. ಕೆಲವರು ಕೇಳುತ್ತಾರೆ, "ನಿಮಗ ಯಾರು ಕಲಿಸಿದ್ರು?" ಸವದತ್ತಿ ಕಡೆಯವರೊಬ್ಬರಿದ್ದರು ಎನ್ನುತ್ತೇನೆ. ಹೆಸರೇನು ಎಂದರೆ, ಎದುರಿನ ರಸ್ತೆ ನೋಡು ಎನ್ನುತ್ತೇನೆ.