ಚೊಂಬು ಹಿಡಿದವರ ಮಾತು

ನಾಲ್ಕನೆಯ ತರಗತಿಯ ಗಿರಿಜೆ ಎದ್ದು ನಿಂತು ಕನ್ನಡ ಪದ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಕೂರುವಾಗ ಬೆಂಚಿನ ಮೊಳೆ ತಾಗಿ ಅವಳ ಮೊಣಕಾಲು ತರಚಿತು. ಅತ್ತದ್ದು ತಮಿಳಿನಲ್ಲಿ. "ಅಮ್ಮಾ, ವಲಿಕ್ಕಿದೇ!" ಧಾರವಾಡದ ಪದವಿ, ಅಧ್ಯಾಪಕ ತರಬೇತಿ ಎರಡನ್ನೂ ಹೊತ್ತುಕೊಂಡು ಮದರಾಸಿಗೆ ಬಂದಿದ್ದ ನನಗೆ ಆ ಮಗುವಿನ ಮಾತು ತಿಳಿಯಲಿಲ್ಲ. 'ನೋಯುತ್ತಿದೆ' ಎಂಬ ಅರ್ಥವನ್ನು ಪಕ್ಕದ ಹುಡುಗಿ ಹೇಳಬೇಕಾಯಿತು. ಶಾಲೆ ಕನ್ನಡದ್ದು, ಮಕ್ಕಳು ಕನ್ನಡದವರು. ನೋವು ಮಾತ್ರ ಬೇರೆ ಭಾಷೆಯದು.

ಇದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಡೆದದ್ದೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ದಿನಚರಿ ತೆಗೆದರೆ ಆ ವಾರದ ಪುಟಗಳಲ್ಲಿ ಇರುವುದು ನೀರಿನ ಸಂಗತಿ ಮಾತ್ರ. ನಾವು ತಿರುವಲ್ಲಿಕೇಣಿಯ ಒಂದು ಒಂಡುಕ್ಕುಡಿತ್ತನದಲ್ಲಿ ಇದ್ದೆವು. ಒಂದೇ ಮನೆಯನ್ನು ಆರು ಸಂಸಾರಗಳು ಹಂಚಿಕೊಂಡಿರುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ನಮ್ಮ ಪಾಲಿಗೆ ಒಂದು ಕೋಣೆ, ಬಾವಿಯಿಂದ ಬೆಳಿಗ್ಗೆ ಎರಡು ಕೊಡ ನೀರು. ಆ ಕೋಣೆ ಸಿಗುವುದಕ್ಕೇ ಮೂರು ತಿಂಗಳು ಅಲೆದಿದ್ದೆವು. ಧಾರವಾಡದಲ್ಲಿ ಮನೆ ಎಂದರೆ ಇದ್ದೇ ಇರುವ ವಸ್ತು. ಇಲ್ಲಿ ಅದು ಯಾರೋ ಒಬ್ಬರ ಮನಸ್ಸು ಕೆಟ್ಟರೆ ಹೋಗಿಬಿಡುವ ವಸ್ತು. ಮುಂದಿನದಕ್ಕೆ ಈ ಮಾತು ಬೇಕಾಗುತ್ತದೆ.

ನನ್ನ ಗಂಡ ಬೆಳಗಿನ ರೈಲಿಗೆ ಅಂಬತ್ತೂರಿನ ಕಾರ್ಖಾನೆಗೆ ಹೊರಟರೆ ಸಂಜೆಯವರೆಗೆ ನನಗೆ ಮಾತಿಗಿದ್ದವರು ಮಕ್ಕಳು ಮಾತ್ರ. ಅವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡದಿಂದ ಬಂದ ಹೋಟೆಲಿನವರ ಮಕ್ಕಳು. ಮಾಲೀಕರ ಮಗಳು, ಅಡುಗೆಯವರ ಮಗಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ಆದರೆ ನಡುವೆ ಒಂದು ಗೇಣು ಜಾಗ ಬಿಟ್ಟು. ಆ ಗೇಣು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ದುಂಡಗೆ ಕೂರಿಸತೊಡಗಿದೆ. ಮನೆಯಿಂದ ಒಂದು ತಾಮ್ರದ ಚೊಂಬು ತಂದೆ. ಅದು ಕೈಯಲ್ಲಿದ್ದವರು ಆ ವಾರ ತಮಗೆ ಬೇಸರವಾದದ್ದು, ಸಿಟ್ಟು ಬಂದದ್ದು, ಹೆದರಿಕೆಯಾದದ್ದು ಹೇಳಬೇಕು, ಉಳಿದವರು ಕೇಳಬೇಕು.

"ಟೀಚರ್, ಇದ್ರಲ್ಲಿ ನೀರೇ ಇಲ್ಲ. ಎಂತ ಮಾತಾಡೋದು?" ಎಂದ ಒಬ್ಬ.

"ಅವನಿಗೆ ಸೋಡಾ ವೇಣುಮಾಂ, ಟೀಚರ್!" ಸೋಡಾ ಬೇಕಂತೆ ಎಂದು ಇನ್ನೊಬ್ಬನ ತಮಾಷೆ.

ನಕ್ಕೆವು. ಆಮೇಲೆ ಒಂದೊಂದೇ ಮಾತು ಹೊರಬಂತು. ಯಾವ ಭಾಷೆಯಲ್ಲಾದರೂ ಹೇಳಿ ಎಂದಿದ್ದೆ. ಇನ್ನೊಂದು ಮಾತನ್ನೂ ಹೇಳಿದ್ದೆ: "ಇಲ್ಲಿ ಆಡಿದ್ದು ಇಲ್ಲೇ ಇರ್ತದ. ಯಾರ ಮುಂದೂ ಹೋಗಂಗಿಲ್ಲ." ಇದನ್ನು ಹೇಳಿದ್ದು ನಿಜ. ಮರೆತಿದ್ದರೆ ಒಳ್ಳೆಯದಿತ್ತು.

ಎರಡು ತಿಂಗಳಾದ ಮೇಲೆ ಅದಲುಬದಲು ಆಟ ಶುರುಮಾಡಿದೆ. ಇಬ್ಬರು ಎದ್ದು ಐದು ನಿಮಿಷ ಬೇರೆಯವರಾಗಬೇಕು. ಅಂದು ಎದ್ದವರು ಗಿರಿಜೆ ಮತ್ತು ಶೈಲಾ. ಗಿರಿಜೆಯ ಅಪ್ಪ ಶೈಲಾಳ ಅಪ್ಪನ ಹೋಟೆಲಿನಲ್ಲಿ ದೋಸೆ ಹುಯ್ಯುವ ಭಟ್ಟರು. ಅವರ ಸಂಸಾರ ಇದ್ದದ್ದು ಆ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಗಿರಿಜೆ ನನ್ನ ಕುರ್ಚಿ ಏರಿ ಮಾಲೀಕರಾದಳು, ಶೈಲಾ ಭಟ್ಟರಾದಳು. ಪದ್ಯ ಬಿಟ್ಟರೆ ಕನ್ನಡದಲ್ಲಿ ಬಾಯಿ ಬಿಡದ ಹುಡುಗಿ ಅಚ್ಚ ಕರಾವಳಿಯ ಕನ್ನಡದಲ್ಲಿ ಗುಡುಗಿದಳು.

"ಭಟ್ರೇ, ಇದನ್ನು ಯಾರು ತಿನ್ನೂದು? ಕರಟಿ ಹೋಗಿದೆ. ಗಿರಾಕಿಗಳ ಎದುರು ನಿಂತು ನೀವೇ ತಿನ್ನಿ. ಪೂರ್ತಿ!"

ಶೈಲಾ ಸ್ಲೇಟನ್ನು ದೋಸೆಯಂತೆ ಹಿಡಿದು ತಲೆ ತಗ್ಗಿಸಿ ನಿಂತಳು. ತಿನ್ನುವಂತೆ ಎರಡು ಸಲ ಬಾಯಾಡಿಸಿದಳು. ಆಮೇಲೆ ಅಳತೊಡಗಿದಳು. ಮತ್ತೆ ಇಬ್ಬರೂ ಕೂತಾಗ ನಡುವೆ ಗೇಣು ಜಾಗ ಇರಲಿಲ್ಲ.

ನಾನು ಗೆದ್ದೆ ಅಂದುಕೊಂಡೆ. ಆ ಸಂಭ್ರಮದಲ್ಲಿ, ತರಬೇತಿಯಲ್ಲಿ ಕಲಿಸಿದಂತೆ, ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಎಲ್ಲವನ್ನೂ ಬರೆದೆ: ಯಾರು ಯಾರಾದರು, ಯಾರು ಏನು ಹೇಳಿದರು, 'ಉದ್ದೇಶ ಈಡೇರಿತು'. ಧಾರವಾಡದಲ್ಲಿ ಹೆಡ್‌ಮಾಸ್ತರರು ಆ ಪುಸ್ತಕವನ್ನು ತೆರೆಯದೆಯೇ ಸಹಿ ಹಾಕುತ್ತಿದ್ದರು. ಇಲ್ಲಿ ಅದು ಕರೆಸ್ಪಾಂಡೆಂಟರಿಗೆ, ಅಂದರೆ ಶಾಲೆಯ ಆಡಳಿತ ನೋಡುವವರಿಗೆ ಹೋಗುತ್ತದೆ, ಅವರು ಕಾಫಿ ಕುಡಿಯುತ್ತ ಸಾಲು ಸಾಲು ಓದುತ್ತಾರೆ ಎಂಬುದು ನನಗೆ ತಿಳಿಯದ್ದೇನಲ್ಲ. ನಮ್ಮ ಕರೆಸ್ಪಾಂಡೆಂಟರೇ ಶೈಲಾಳ ಅಪ್ಪ ಎಂಬುದೂ ತಿಳಿದಿತ್ತು. ಆದರೂ ಕೈ ಬರೆಯಿತು. ಅಭ್ಯಾಸವೆನ್ನಲೇ, ಹೊಗಳಿಕೆಯ ಆಸೆಯೆನ್ನಲೇ? ಇನ್ನೂ ತೀರ್ಮಾನಿಸಿಲ್ಲ.

ಸೋಮವಾರ ಮಧ್ಯಾಹ್ನ ಕರೆ ಬಂತು. ಕರೆಸ್ಪಾಂಡೆಂಟ್ ರಾಯರ ಮೇಜಿನ ಮೇಲೆ ಪುಸ್ತಕ ತೆರೆದಿತ್ತು.

"ಕೂತ್ಕೊಳ್ಳಿ ಟೀಚರೇ. ನನ್ನ ಮಗಳು ಎರಡು ದಿನದಿಂದ ನನ್ನ ಹತ್ರ ಮಾತಾಡೂದಿಲ್ಲ. ದೋಸೆ ಕೊಟ್ರೆ ಬಟ್ಟಲು ದೂಡ್ತಾಳೆ. ನೀವು ಕಲಿಸೂದು ಇದಾ?"

"ತಪ್ಪು ನಂದರೀ. ಆಟಾ ಆಡಿಸಿದಾಕಿ ನಾನು."

"ಆಟ ನಿಮ್ಮದು, ಮಾತು ಯಾರದು? ಆ ಭಟ್ರ ಸಂಸಾರಕ್ಕೆ ಇರ್ಲಿಕ್ಕೆ ಜಾಗ ಕೊಟ್ಟವ ನಾನು. ಮಗಳಿಗೆ ಜ್ವರ ಬಂದಾಗ ಡಾಕ್ಟರನ್ನು ಕರೆಸಿದವ ನಾನು. ಅದು ಬರಿಲಿಲ್ಲ ನೀವು." ಪೆನ್ನನ್ನು ನನ್ನ ಕಡೆ ಸರಿಸಿದರು. "ಹುಡುಗಿ ಹೇಳಿದ್ದು ಸುಳ್ಳು ಅಂತ ಬರ್ದು ಸಹಿ ಹಾಕಿ. ಭಟ್ರು ನಾಳೆಯೂ ಕಾವಲಿ ಎದುರು ಇರ್ತಾರೆ. ಇಲ್ದಿದ್ರೆ ಊರಿಗೆ ಬಸ್ಸು ಉಂಟಲ್ಲ."

ಅವರು ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಹೋಟೆಲಿನ ಹಿಂದಿನ ಕೋಣೆ, ನಾವು ಮೂರು ತಿಂಗಳು ಹತ್ತಿ ಇಳಿದ ಮೆಟ್ಟಿಲುಗಳು. ಸುಳ್ಳು ಎಂದು ಬರೆಯಲು ಕೈ ಒಪ್ಪಲಿಲ್ಲ. ನಿಜ ಎಂದು ಬರೆಯಲು ಧೈರ್ಯ ಬರಲಿಲ್ಲ. 'ಈ ಸಂಭಾಷಣೆಯನ್ನು ನಾನೇ ಕಲ್ಪಿಸಿ ಮಕ್ಕಳಿಂದ ಹೇಳಿಸಿದ್ದು. ಇನ್ನು ಈ ಚಟುವಟಿಕೆ ನಡೆಸುವುದಿಲ್ಲ' ಎಂದು ಬರೆದೆ. ರಾಯರು ಎರಡು ಸಲ ಓದಿ, "ಬುದ್ಧಿವಂತರು ನೀವು" ಎಂದು ಪುಸ್ತಕ ಮುಚ್ಚಿದರು.

ಭಟ್ಟರ ಕೆಲಸ ಉಳಿಯಿತು.

ಆಟ ನಿಲ್ಲಿಸುತ್ತಿದ್ದೇನೆ ಎಂದು ಹೇಳುವುದಕ್ಕೆ ಶನಿವಾರ ಕೊನೆಯ ಸಲ ಮಕ್ಕಳನ್ನು ದುಂಡಗೆ ಕೂರಿಸಿದೆ. ಚೊಂಬು ನನ್ನ ಕೈಯಲ್ಲೇ ಇತ್ತು. "ನಿಮಗ ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ. ನೀವು ಹೇಳಿದ್ದನ್ನ ಪುಸ್ತಕದಾಗ ಬರದೆ. ಆಮ್ಯಾಲೆ ಅವು ನಿಮ್ಮ ಮಾತೇ ಅಲ್ಲ ಅಂತನೂ ಬರದೆ." ಗಿರಿಜೆ ಕೈ ಚಾಚಿ ಚೊಂಬು ಇಸಿದುಕೊಂಡಳು. ತುಸು ಹೊತ್ತು ಅದರ ಬಾಯೊಳಗೆ ನೋಡಿದಳು.

"ಇದೆಯುಂ ಎಳುದುವೀಂಗಳಾ, ಟೀಚರ್?"

ಇದನ್ನೂ ಬರೆಯುತ್ತೀರಾ? ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಚೊಂಬನ್ನು ಶೈಲಾಳಿಗೆ ದಾಟಿಸಿದಳು. ಶೈಲಾ ಮುಂದಿನವರಿಗೆ ದಾಟಿಸಿದಳು. ಒಂದು ಮಾತೂ ಇಲ್ಲದೆ ಅದು ಸುತ್ತು ಮುಗಿಸಿ ನನ್ನ ಬಳಿ ಬಂತು.

ರಜೆಗೆ ಧಾರವಾಡಕ್ಕೆ ಹೋದಾಗ ತಂಗಿಗೆ ಈ ಕತೆ ಹೇಳಿದೆ. ಅಲ್ಲಿ ಹೇಳುವಾಗ ನಾನು ಮಗುವನ್ನು ಕಾಪಾಡಿದ ದಿಟ್ಟೆ. ಮರಳಿ ಮದರಾಸಿನ ರೈಲು ಇಳಿಯುವಷ್ಟರಲ್ಲಿ ಆ ಹೆಂಗಸು ಎಲ್ಲೋ ದಾರಿಯಲ್ಲಿ ಉಳಿದುಹೋಗಿದ್ದಳು. ಈಗ ಊರಿನ ಓದುಗರಿಗಾಗಿ ಇದನ್ನೂ ಬರೆದಿದ್ದೇನೆ, ಹೆಸರುಗಳನ್ನು ಬದಲಿಸಿ. ಓದುವ ನೀವು ಅಲ್ಲಿದ್ದೀರಿ, ಕನ್ನಡದಲ್ಲಿ. ಗಿರಿಜೆಯ ಆ ಪ್ರಶ್ನೆ ಇಲ್ಲೇ ಮದರಾಸಿನಲ್ಲಿದೆ, ತಮಿಳಿನಲ್ಲಿ. ನಾನು ತಲೆಯಾಡಿಸಿದ್ದು ಯಾವ ಭಾಷೆಯಲ್ಲೂ ಅಲ್ಲ. ಆದರೂ ಗಿರಿಜೆ ಅದನ್ನು ನಂಬಿರಬಹುದು.